ದೀಪ ಆರಿದ ಮೇಲೆ ಯಾರು ಬರುತ್ತಾರೆ: ಮನೆ ಸೋಲಾರಿನ ಎಪ್ಪತ್ತು ವರ್ಷ

ಬಿಸಿಲಿನಿಂದ ಕರೆಂಟು ತೆಗೆಯುವ ಕೆಲಸ ಶುರುವಾದದ್ದು ಒಂದು ದುರಸ್ತಿಯ ತಲೆನೋವಿನಿಂದ. 1950ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಸಂಸ್ಥೆಗೆ ಸೆಖೆಯೂ ತೇವವೂ ಹೆಚ್ಚಿರುವ ಪ್ರದೇಶಗಳಿಂದ ಒಂದೇ ದೂರು ಬರುತ್ತಿತ್ತು. ದೂರದ ಊರುಗಳ ಟೆಲಿಫೋನ್ ಉಪಕರಣಗಳಿಗೆ ಹಾಕಿದ ಡ್ರೈ ಸೆಲ್‌ಗಳು ಅಲ್ಲಿನ ಹವೆಗೆ ಬೇಗನೆ ಕೆಟ್ಟುಹೋಗುತ್ತಿದ್ದವು. ಇದಕ್ಕೆ ಬದಲಿ ಹುಡುಕುವ ಕೆಲಸ ಬೆಲ್ ಲ್ಯಾಬ್‌ನ ಡ್ಯಾರಿಲ್ ಚಾಪಿನ್ ಪಾಲಿಗೆ ಬಂತು. ಗಾಳಿಯಂತ್ರ, ಸಣ್ಣ ಉಗಿಯಂತ್ರ ಎಲ್ಲವನ್ನೂ ಪರಿಶೀಲಿಸಿದ ಅವರು ಕೊನೆಗೆ ಬಿಸಿಲಿನತ್ತ ತಿರುಗಿದರು. ಅದೇ ಲ್ಯಾಬ್‌ನ ಜೆರಾಲ್ಡ್ ಪಿಯರ್ಸನ್ ಮತ್ತು ಕ್ಯಾಲ್ವಿನ್ ಫುಲ್ಲರ್ ಆ ಹೊತ್ತಿಗೆ ಸಿಲಿಕಾನ್ ಬಿಲ್ಲೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಮೂವರೂ ಸೇರಿ ಮಾಡಿದ ಸೆಲ್ ಅನ್ನು 1954ರ ಏಪ್ರಿಲ್ 25ರಂದು ಜನರಿಗೆ ತೋರಿಸಲಾಯಿತು. ಅದು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲನ್ನು ವಿದ್ಯುತ್ತಾಗಿಸುತ್ತಿತ್ತು.

ಬೆಲ್ ಸಂಸ್ಥೆ ಅದಕ್ಕಿಟ್ಟ ಹೆಸರು ‘ಸೋಲಾರ್ ಬ್ಯಾಟರಿ’. ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಆ ಸೆಲ್ ಏನನ್ನೂ ಕೂಡಿಡುವುದಿಲ್ಲ. ಬಿಸಿಲಿರುವಾಗ ಕೊಡುತ್ತದೆ, ಬಿಸಿಲು ಹೋದರೆ ಸುಮ್ಮನಾಗುತ್ತದೆ. 1955ರ ಅಕ್ಟೋಬರ್‌ನಲ್ಲಿ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನ ಬಳಿ ಹಳ್ಳಿಯ ಟೆಲಿಫೋನ್ ಲೈನಿಗೆ ಅದನ್ನು ಜೋಡಿಸಿ ನೋಡಿದಾಗ, ರಾತ್ರಿಯ ಮಾತುಕತೆಗೆ ನಿಜವಾದ ಬ್ಯಾಟರಿಯೊಂದನ್ನೂ ಜೊತೆಗಿಡಬೇಕಾಯಿತು. ಬ್ಯಾಟರಿಯ ಕಾಟ ತಪ್ಪಿಸಲು ಹುಟ್ಟಿದ ಸಾಧನ ಮೊದಲ ದಿನದಿಂದಲೇ ಬ್ಯಾಟರಿಯನ್ನು ಕಟ್ಟಿಕೊಂಡು ಬದುಕತೊಡಗಿತು.

ಮನೆಗೆ ಸೋಲಾರ್ ಹಾಕಿಸುವವರು ಇವತ್ತು ಮಾಡುವ ಲೆಕ್ಕವನ್ನೂ ಮೊದಲು ಮಾಡಿದವರಲ್ಲಿ ಚಾಪಿನ್ ಒಬ್ಬರು. 1956ರಲ್ಲಿ ಒಂದು ವಾಟ್ ಕೊಡುವ ಸೆಲ್‌ನ ಬೆಲೆ 286 ಡಾಲರ್. ಸಾಧಾರಣ ಅಮೆರಿಕನ್ ಮನೆಗೆ ಸಾಕಾಗುವಷ್ಟು ಸೆಲ್ ಹಾಕಿಸಿದರೆ ಖರ್ಚೆಷ್ಟು ಎಂದು ಕೂಡಿಸಿದಾಗ ಬಂದ ಉತ್ತರ 14,30,000 ಡಾಲರ್. ಭಾಗಿಸಿ ನೋಡಿದರೆ ಅದು 5,000 ವಾಟ್, ಅಂದರೆ ಈಗಿನ ಭಾಷೆಯಲ್ಲಿ 5 ಕಿಲೋವಾಟ್. ಪುಣೆಯಲ್ಲೋ ಹೈದರಾಬಾದಿನಲ್ಲೋ ದೊಡ್ಡ ಮನೆ ಇರುವವರು ಇವತ್ತು ತಾರಸಿಗೆ ಹಾಕಿಸುವ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ.

ಆ ಬೆಲೆ ಕೊಡಬಲ್ಲ ಗಿರಾಕಿ ಆಗ ಒಬ್ಬರೇ: ಬಾಹ್ಯಾಕಾಶಕ್ಕೆ ಹೊರಟವರು. 1958ರ ಮಾರ್ಚ್ 17ರಂದು ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್-1 ಎಂಬ ಪುಟ್ಟ ಉಪಗ್ರಹದಲ್ಲಿ ಎರಡು ಟ್ರಾನ್ಸ್‌ಮಿಟರ್‌ಗಳಿದ್ದವು. ಒಂದು ಬ್ಯಾಟರಿಯಿಂದ ನಡೆಯುವುದು, ಇನ್ನೊಂದು ಸೋಲಾರ್ ಸೆಲ್‌ನಿಂದ. ಬ್ಯಾಟರಿಯದ್ದು ಅದೇ ಜೂನ್ ಹೊತ್ತಿಗೆ ಸುಮ್ಮನಾಯಿತು. ಸೋಲಾರಿನದ್ದು 1964ರವರೆಗೆ ದನಿ ಕಳಿಸುತ್ತಲೇ ಇತ್ತು. ಮನೆ ಸೋಲಾರಿನ ಮುಂದಿನ ಚರಿತ್ರೆಯೆಲ್ಲ ಈ ಪುಟ್ಟ ಗೋಳದಲ್ಲಿ ಆಗಲೇ ಇತ್ತು ಎನ್ನಬಹುದು. ಪ್ಯಾನಲ್ ಬಾಳುತ್ತದೆ, ಅದರ ಪಕ್ಕದಲ್ಲಿರುವುದು ಕೆಡುತ್ತದೆ.

ನೆಲಕ್ಕೆ ಇಳಿದದ್ದು

ಸೆಲ್‌ಗಳನ್ನು ಆಕಾಶದಿಂದ ನೆಲಕ್ಕೆ ಇಳಿಸಿದ್ದು, ವಿಚಿತ್ರವೆಂದರೆ, ಒಂದು ಎಣ್ಣೆ ಕಂಪನಿಯ ದುಡ್ಡು. ಎಕ್ಸಾನ್ ಬಂಡವಾಳದಿಂದ 1973ರಲ್ಲಿ ಶುರುವಾದ ಸೋಲಾರ್ ಪವರ್ ಕಾರ್ಪೊರೇಷನ್‌ನಲ್ಲಿ ಎಲಿಯಟ್ ಬರ್ಮನ್ ಎಂಬ ರಸಾಯನಶಾಸ್ತ್ರಜ್ಞರು ವಾಟ್‌ಗೆ 100 ಡಾಲರ್ ಇದ್ದ ಬೆಲೆಯನ್ನು 20 ಡಾಲರ್‌ಗೆ ಇಳಿಸಿದರು. ಉಪಗ್ರಹಕ್ಕೆ ಬೇಕಾಗುವ ಶುದ್ಧ, ಚೌಕ ಸೆಲ್ ನೆಲದ ಮೇಲೆ ಬೇಡ. ಚಿಪ್ ಕಾರ್ಖಾನೆಗಳು ಬೇಡವೆಂದು ಪಕ್ಕಕ್ಕಿಟ್ಟ ದುಂಡು ಬಿಲ್ಲೆಗಳೇ ಸಾಕು ಎಂಬುದು ಅವರ ಉಪಾಯ. ಮೊದಲ ಗಿರಾಕಿಗಳಲ್ಲಿ ಮೆಕ್ಸಿಕೋ ಕೊಲ್ಲಿಯ ಎಣ್ಣೆಬಾವಿ ಕಟ್ಟೆಗಳವರಿದ್ದರು. ಸಮುದ್ರದ ನಡುವೆ ಎಚ್ಚರಿಕೆ ದೀಪದ ಬ್ಯಾಟರಿ ಬದಲಿಸಲು ದೋಣಿ ಕಳಿಸುವ ಖರ್ಚಿಗಿಂತ ಸೋಲಾರ್ ಅಗ್ಗವಾಗಿತ್ತು. ಇಲ್ಲೂ ಲೆಕ್ಕ ತೀರ್ಮಾನವಾದದ್ದು ದುರಸ್ತಿಗೆ ಹೋಗಿಬರುವ ಖರ್ಚಿನ ಮೇಲೆ.

ಅದೇ 1973ರ ತೈಲ ಬಿಕ್ಕಟ್ಟು ಭಾರತವನ್ನೂ ತಟ್ಟಿತು. 1974ರಲ್ಲಿ ದೆಹಲಿ ಪಕ್ಕದ ಸಾಹಿಬಾಬಾದ್‌ನಲ್ಲಿ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ಎಂಬ ಸರ್ಕಾರಿ ಸಂಸ್ಥೆ ಶುರುವಾಯಿತು. ದೇಶದ ಮೊದಲ ಸೋಲಾರ್ ಸೆಲ್ 1977ರಲ್ಲಿ ಅಲ್ಲೇ ತಯಾರಾಯಿತು. 1982ರಲ್ಲಿ ಕೇಂದ್ರದಲ್ಲಿ ಅಸಾಂಪ್ರದಾಯಿಕ ಇಂಧನಗಳಿಗಾಗಿ ಪ್ರತ್ಯೇಕ ಇಲಾಖೆ ಬಂತು, 1992ರಲ್ಲಿ ಅದು ಸಚಿವಾಲಯವಾಯಿತು. 1989ರಲ್ಲಿ ಬೆಂಗಳೂರಿನಲ್ಲಿ ಟಾಟಾ ಬಿಪಿ ಸೋಲಾರ್ ಹುಟ್ಟಿತು.

ಈ ದಶಕಗಳಲ್ಲಿ ಸೋಲಾರ್ ದೀಪ ಹಳ್ಳಿಗೆ ಹೋದದ್ದು ಬಹುಮಟ್ಟಿಗೆ ಸರ್ಕಾರದ ಕೊಡುಗೆಯಾಗಿ. ಕೊಡುವ ಕೆಲಸಕ್ಕೆ ಬಜೆಟ್ ಇತ್ತು, ಎಷ್ಟು ಕೊಟ್ಟೆವೆಂಬ ಅಂಕಿ ಇತ್ತು. ಆದರೆ ಸೀಸ ಮತ್ತು ಆಮ್ಲದ ಬ್ಯಾಟರಿಗೆ ಆಯಸ್ಸು ಕೆಲವೇ ವರ್ಷ, ಆರೈಕೆ ಇಲ್ಲದಿದ್ದರೆ ಇನ್ನೂ ಕಡಿಮೆ. ಅದು ಸತ್ತ ದಿನ ಹೊಸದಕ್ಕೆ ಯಾರು ದುಡ್ಡು ಹಾಕಬೇಕು, ತಂದು ಕೂಡಿಸುವವರು ಯಾರು ಎಂಬ ಪ್ರಶ್ನೆಗೆ ಎಷ್ಟೋ ಯೋಜನೆಗಳಲ್ಲಿ ಉತ್ತರ ಇರಲಿಲ್ಲ. ಇಪ್ಪತ್ತೈದು ವರ್ಷ ಬಾಳುವ ಪ್ಯಾನಲ್ ಮಾಡಿನ ಮೇಲಿದ್ದೂ ಮನೆಯೊಳಗೆ ಚಿಮಣಿ ಬುಡ್ಡಿ ಮತ್ತೆ ಹೊತ್ತುತ್ತಿತ್ತು. ‘ಸೋಲಾರ್ ನಡೆಯೋದಿಲ್ಲ’ ಎಂಬ ಮಾತು ಹಳ್ಳಿಗಳಲ್ಲಿ ಹುಟ್ಟಿದ್ದು ಹೀಗೆ. ಪ್ಯಾನಲ್ ನಡೆಯುತ್ತಲೇ ಇತ್ತು. ನಿಂತದ್ದು ಅದರ ಸುತ್ತಲಿನ ಏರ್ಪಾಡು.

ತಲೆಯ ಮೇಲೆ ಹೈಟೆನ್ಷನ್ ತಂತಿ, ಒಳಗೆ ಬುಡ್ಡಿ

ಆ ಮಾತನ್ನು ಸುಳ್ಳಾಗಿಸುವ ದೊಡ್ಡ ಪ್ರಯತ್ನಗಳಲ್ಲಿ ಒಂದು ನಡೆದದ್ದು ಕರ್ನಾಟಕದಲ್ಲಿ. ಕಾರಣ ಊಹಿಸುವುದು ಕಷ್ಟವಲ್ಲ. 1902ರಲ್ಲೇ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸಿದ, 1905ರಲ್ಲೇ ಬೆಂಗಳೂರಿನ ಬೀದಿಗೆ ದೀಪ ತಂದ ನಾಡು ಇದು. ಹಾಗಿದ್ದೂ 1990ರ ದಶಕದಲ್ಲಿ, ಶರಾವತಿಯಿಂದ ಹೊರಟ ಹೈಟೆನ್ಷನ್ ತಂತಿಗಳು ತಲೆಯ ಮೇಲೆ ಹಾದುಹೋಗುವ ಕಾಡಂಚಿನ ಎಷ್ಟೋ ಮನೆಗಳಿಗೆ ಕರೆಂಟು ಇರಲಿಲ್ಲ. ಮಲೆನಾಡು, ಕರಾವಳಿಗಳಲ್ಲಿ ಊರೆಂದರೆ ಸಾಲುಮನೆಗಳಲ್ಲ; ಗುಡ್ಡಕ್ಕೊಂದು, ತೋಟಕ್ಕೊಂದು ಒಂಟಿ ಮನೆ. ಒಂದೊಂದು ಮನೆಗೂ ಹತ್ತಿಪ್ಪತ್ತು ಕಂಬ ನೆಡುವುದು ಮಂಡಳಿಗೆ ಗಿಟ್ಟುತ್ತಿರಲಿಲ್ಲ. ಕಂಬ ಬಂದಲ್ಲೂ ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಕತ್ತಲೆ.

1995ರಲ್ಲಿ ಹರೀಶ್ ಹಂದೆ, ಅಮೆರಿಕದ ನೆವಿಲ್ ವಿಲಿಯಮ್ಸ್ ಜೊತೆ ಸೇರಿ ಬೆಂಗಳೂರಿನಲ್ಲಿ ಸೆಲ್ಕೋ ಎಂಬ ಕಂಪನಿ ಆರಂಭಿಸಿದರು. ಹಂದೆ ಒಡಿಶಾದ ರೂರ್ಕೆಲಾದಲ್ಲಿ ಬೆಳೆದವರು, ಖರಗ್‌ಪುರದ ಐಐಟಿಯಲ್ಲಿ ಓದಿ ಮೆಸಾಚುಸೆಟ್ಸ್‌ನಲ್ಲಿ ಡಾಕ್ಟರೇಟ್ ಮಾಡಿದವರು. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಬಡವರೇ ದುಡ್ಡು ಕೊಟ್ಟು ಸೋಲಾರ್ ದೀಪ ಬಳಸುವುದನ್ನು ಕಂಡ ಮೇಲೆ ಅವರು ತಮ್ಮ ಸಂಶೋಧನೆಯ ದಿಕ್ಕನ್ನೇ ಬದಲಿಸಿದ್ದರು. ಬಡವರು ಸೋಲಾರ್ ಕೊಳ್ಳಲಾರರು, ಕೊಂಡರೂ ನಿಭಾಯಿಸಲಾರರು, ಇಂಥ ವ್ಯಾಪಾರ ಉಳಿಯಲಾರದು ಎಂಬ ಮೂರು ನಂಬಿಕೆಗಳನ್ನು ಪರೀಕ್ಷೆಗೆ ಒಡ್ಡುವುದು ಕಂಪನಿಯ ಗುರಿಯಾಗಿತ್ತು.

ಮೊದಲ ತೊಡಕು ದುಡ್ಡಿನದು. ನಾಲ್ಕು ದೀಪದ ವ್ಯವಸ್ಥೆಗೆ ಸಾವಿರಾರು ರೂಪಾಯಿ ಒಂದೇ ಕಂತಿನಲ್ಲಿ ಹೊಂದಿಸುವುದು ಕೂಲಿಯವರಿಗಿರಲಿ, ಸಣ್ಣ ತೋಟದವರಿಗೂ ಕಷ್ಟ. ಬ್ಯಾಂಕಿಗೆ ಹೋದರೆ ಅಲ್ಲಿ ಬೇರೆಯೇ ಸಂಶಯ. ಎಮ್ಮೆಗೆ ಸಾಲ ಕೊಟ್ಟರೆ ಹಾಲು ಬರುತ್ತದೆ, ಪಂಪಿಗೆ ಕೊಟ್ಟರೆ ಬೆಳೆ ಬರುತ್ತದೆ. ದೀಪಕ್ಕೆ ಕೊಟ್ಟರೆ ಏನು ಬರುತ್ತದೆ? ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಮತ್ತು ಅದರ ಪ್ರಾಯೋಜಕ ಸಿಂಡಿಕೇಟ್ ಬ್ಯಾಂಕ್ ಈ ಸಂಶಯ ದಾಟಿ ಸಾಲ ಕೊಟ್ಟ ಮೊದಲಿಗರಲ್ಲಿ ಸೇರಿದವು.

ಅದು ಆ ಬ್ಯಾಂಕಿನ ಚರಿತ್ರೆಗೆ ಹೊಂದುವ ಮಾತೇ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಈ ಬ್ಯಾಂಕ್ 1928ರಲ್ಲೇ ‘ಪಿಗ್ಮಿ’ ಠೇವಣಿ ಶುರುಮಾಡಿ, ಏಜೆಂಟರನ್ನು ಮನೆಮನೆಗೆ ಕಳಿಸಿ ದಿನಕ್ಕೆ ಎರಡಾಣೆ ಸಂಗ್ರಹಿಸಿತ್ತು. ಬಡವರ ಕೈಲಿ ತಿಂಗಳ ದುಡ್ಡು ಇರುವುದಿಲ್ಲ, ದಿನದ ದುಡ್ಡು ಇರುತ್ತದೆ ಎಂಬುದು ಕರಾವಳಿಯವರಿಗೆ ಆಗಲೇ ಗೊತ್ತಿತ್ತು. ಸೋಲಾರ್ ವಿಷಯದಲ್ಲಿ ಅದೇ ಪಾಠವನ್ನು ಒಬ್ಬ ಬೀದಿ ವ್ಯಾಪಾರಿ ಹೇಳಿಕೊಟ್ಟಿದ್ದನ್ನು ಹಂದೆ ಹಲವೆಡೆ ನೆನಪಿಸಿಕೊಂಡಿದ್ದಾರೆ. ತಿಂಗಳಿಗೆ 300 ರೂಪಾಯಿ ದುಬಾರಿ, ದಿನಕ್ಕೆ 10 ರೂಪಾಯಿ ಸಲೀಸು. ರೈತರಿಗೆ ಕಂತು ಕೊಯ್ಲಿನ ನಂತರ, ವ್ಯಾಪಾರಿಗೆ ದಿನದಿನವೂ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಬಡ್ಡಿಯ ಒಂದು ಪಾಲನ್ನು ತಾನು ಭರಿಸುವ ಯೋಜನೆ ತಂದಿತು. ಕೆಲವೇ ವರ್ಷಗಳಲ್ಲಿ 16,000ಕ್ಕೂ ಹೆಚ್ಚು ಮನೆಗಳು ಆ ಸಾಲದಲ್ಲಿ ಸೋಲಾರ್ ಹಾಕಿಸಿದವು.

ಸಾಲ ಬಂದೊಡನೆ ದುರಸ್ತಿಗೆ ಹೊಸ ಬೆಲೆ ಬಂತು. ದೀಪ ಆರಿದರೆ ಕಂತು ನಿಲ್ಲುತ್ತದೆ. ಕಂತು ನಿಂತರೆ ಬ್ಯಾಂಕು ಮುಂದಿನ ಅರ್ಜಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಗಿರಾಕಿಗಳಿಗೆ ಎಟಕುವ ದೂರದಲ್ಲಿ ಸರ್ವಿಸ್ ಸೆಂಟರ್, ಅದರಲ್ಲಿ ಆ ಕಡೆಯದೇ ಹುಡುಗರಿಗೆ ತರಬೇತಿ ಕೊಟ್ಟು ಮಾಡಿದ ಟೆಕ್ನಿಷಿಯನ್, ಬೈಕಿನ ಹಿಂದೆ ಉಪಕರಣದ ಚೀಲ. ಕೊಡುಗೆಯ ಕಾಲದಲ್ಲಿ ಖರ್ಚೆನಿಸಿದ್ದ ರಿಪೇರಿ ಸಾಲದ ಕಾಲದಲ್ಲಿ ಜಾಮೀನಾಯಿತು. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಕಂಪನಿ ಮುಟ್ಟಿದ್ದ ಮನೆಗಳ ಸಂಖ್ಯೆ ಲಕ್ಷ ದಾಟಿತ್ತು. ಆ ಲಕ್ಷದ ಹಿಂದೆ ಇದ್ದದ್ದು ಈ ಸರಳ ಕೊಂಡಿ.

ನಾಲ್ಕು ದೀಪದ ಗಣಿತ

ಆ ಕಾಲದ ಟೆಕ್ನಿಷಿಯನ್ ಮನೆಗೆ ಬಂದರೆ ಮೊದಲ ಪ್ರಶ್ನೆ ಮಾಡಿನದ್ದಲ್ಲ, ಸಂಜೆಯದ್ದು. ಎಷ್ಟು ಕೋಣೆ, ಅಡುಗೆ ಎಷ್ಟು ಹೊತ್ತಿಗೆ, ಮಕ್ಕಳು ಓದುವುದು ಎಲ್ಲಿ, ಕೊಟ್ಟಿಗೆಯಲ್ಲಿ ಹಾಲು ಕರೆಯುವುದು ಯಾವಾಗ. ಉತ್ತರಗಳಿಂದ ಲೆಕ್ಕ ಹುಟ್ಟುತ್ತಿತ್ತು.

ನಾಲ್ಕು ದೀಪ, ಒಂದೊಂದು 7 ವಾಟ್‌ನ ಸಿಎಫ್‌ಎಲ್, ದಿನಕ್ಕೆ 4 ಗಂಟೆ. ಗುಣಿಸಿದರೆ 112 ವಾಟ್-ಅವರ್, ಸಣ್ಣಪುಟ್ಟ ನಷ್ಟ ಸೇರಿಸಿ 120 ಎನ್ನೋಣ. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ 1,000 ವಾಟ್-ಅವರ್. ಅದರ ಎಂಟನೇ ಒಂದು ಭಾಗದಷ್ಟೂ ಇಲ್ಲದ ವಿದ್ಯುತ್ತಿನಲ್ಲಿ ಒಂದು ಮನೆಯ ಸಂಜೆ ಕಳೆಯಬೇಕು. ಆಗ ಸಾಮಾನ್ಯವಾಗಿದ್ದ 37 ವಾಟ್‌ನ ಪ್ಯಾನಲ್ ಮೇಲೆ 5 ಗಂಟೆಯ ಪೂರ್ಣ ಬಿಸಿಲು ಬಿದ್ದರೆ ಸಿಗಬೇಕಾದ್ದು 185. ಸೆಖೆ, ಧೂಳು, ಬ್ಯಾಟರಿಗೆ ತುಂಬುವಾಗಿನ ಸೋರಿಕೆ ಎಲ್ಲ ಸೇರಿ ಮೂರನೇ ಒಂದು ಪಾಲು ಹೋಗುತ್ತದೆ. ಉಳಿಯುವುದು ಸರಿಸುಮಾರು 120. ಬಂದದ್ದಕ್ಕೂ ಹೋದದ್ದಕ್ಕೂ ಸರಿಹೊಂದಿತು.

ಬ್ಯಾಟರಿಯದ್ದು ಇನ್ನೊಂದು ಲೆಕ್ಕ. 12 ವೋಲ್ಟಿನ 60 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 720 ವಾಟ್-ಅವರ್ ಹಿಡಿಯುತ್ತದೆ. ಸೀಸದ ಬ್ಯಾಟರಿಯನ್ನು ತಳ ಕಾಣುವವರೆಗೆ ಬಳಸಿದರೆ ಬೇಗ ಸಾಯುತ್ತದೆ, ಅರ್ಧಕ್ಕೆ ನಿಲ್ಲಿಸಬೇಕು. ಆ ಅರ್ಧ, ಅಂದರೆ 360, ಮೂರು ಸಂಜೆಗೆ ಸಾಕು. ಬಿಸಿಲಿಲ್ಲದ ಮೂರು ದಿನ ತಾಳಿಕೊಳ್ಳುವ ಶಕ್ತಿ ಎಂದರೆ ಇದೇ.

ಮಲೆನಾಡಿನ ಜುಲೈಗೆ ಮೂರು ದಿನ ಯಾವ ಲೆಕ್ಕ! ವಾರಗಟ್ಟಲೆ ಮೋಡ ಕವಿದಾಗ ಬ್ಯಾಟರಿ ಅರೆಹೊಟ್ಟೆಯಲ್ಲೇ ಕೂರುತ್ತದೆ, ಹಾಗೆ ಕೂತಷ್ಟೂ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಮನೆಯವರು ಕಲಿತ ಪಾಠವೆಂದರೆ ಮಳೆಗಾಲಕ್ಕೆ ಬೇರೆ ಬಜೆಟ್: ನಾಲ್ಕು ದೀಪದ ಬದಲು ಎರಡು, ನಾಲ್ಕು ಗಂಟೆಯ ಬದಲು ಎರಡು.

ಈ ಶಿಸ್ತನ್ನು ಕಾಯಲು ಗೋಡೆಯ ಮೇಲೆ ಚಾರ್ಜ್ ಕಂಟ್ರೋಲರ್ ಎಂಬ ಪುಟ್ಟ ಡಬ್ಬಿ ಇರುತ್ತಿತ್ತು. ಬ್ಯಾಟರಿ ತುಂಬಿದಾಗ ಪ್ಯಾನಲನ್ನು ತಡೆಯುವುದು, ಬರಿದಾಗುತ್ತ ಬಂದಾಗ ಕೆಂಪು ದೀಪ ತೋರಿಸಿ ಬಲ್ಬುಗಳನ್ನು ಕಡಿಯುವುದು ಅದರ ಕೆಲಸ. ಪೂರ್ತಿ ಕತ್ತಲಾದ ಮನೆಯವರಿಗೆ ಅದು ಕಾವಲುಗಾರನಂತೆ ಕಾಣುವುದಿಲ್ಲ, ಕಿರಿಕಿರಿಯಂತೆ ಕಾಣುತ್ತದೆ. ಡಬ್ಬಿಯನ್ನು ಬಿಟ್ಟು ಟಿವಿಯನ್ನೋ ಇನ್ನೊಂದು ಬಲ್ಬನ್ನೋ ನೇರ ಬ್ಯಾಟರಿಗೆ ಕಟ್ಟುವುದು ಎಲ್ಲ ದೇಶಗಳ ಮನೆ ಸೋಲಾರಿನಲ್ಲೂ ಕಂಡ ರೋಗ. ಅಂದಿನ ರಾತ್ರಿ ಬೆಳಕು ಸಿಗುತ್ತದೆ, ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ.

ದೀಪ ಮಂಕಾಗಿದೆ ಎಂಬ ದೂರು ಬಂದಾಗ ಹುಡುಕುವ ಕ್ರಮವೂ ಹೀಗೆ ಅನುಭವದಿಂದಲೇ ಕೂಡಿಬಂತು. ಮೊದಲು ಪ್ಯಾನಲ್ ಮೇಲಿನ ನೆರಳು. ಸೆಲ್‌ಗಳು ಒಂದರ ಹಿಂದೊಂದು ಸರಪಳಿಯಂತೆ ಜೋಡಿಸಿರುವುದರಿಂದ ಎರಡು ಸೆಲ್ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಹರಿವು ಕುಗ್ಗುತ್ತದೆ. ಹಾಕಿಸಿದ ವರ್ಷ ಇರದಿದ್ದ ನೆರಳು ಐದು ವರ್ಷದಲ್ಲಿ ಬಂದಿರುತ್ತದೆ, ಏಕೆಂದರೆ ಹಲಸಿನ ಮರ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಆಮೇಲೆ ಬ್ಯಾಟರಿಯ ಟರ್ಮಿನಲ್: ಬಿಳಿ-ಹಸಿರು ಕಿಲುಬು ಕಟ್ಟಿದ್ದರೆ ಬಿಸಿನೀರಲ್ಲಿ ತೊಳೆದು ವ್ಯಾಸಲಿನ್ ಸವರಬೇಕು. ಆಮೇಲೆ ನೀರಿನ ಮಟ್ಟ. ಡಿಸ್ಟಿಲ್ಡ್ ವಾಟರ್ ಬದಲು ಬಾವಿನೀರು ಹಾಕಿದ್ದರೆ ಅದರ ಲವಣಗಳು ಒಳಗಿನ ಫಲಕಗಳನ್ನು ಕೆಡಿಸಿರುತ್ತವೆ.

ಕೊನೆಗೆ ವೈರು. ಪೇಟೆಯ ಎಲೆಕ್ಟ್ರಿಷಿಯನ್‌ಗಳು ಎಡವುತ್ತಿದ್ದುದು ಇಲ್ಲೇ. 28 ವಾಟ್ ಬೆಳಕಿಗೆ 230 ವೋಲ್ಟಿನಲ್ಲಿ 0.12 ಆಂಪಿಯರ್ ಸಾಕು. 12 ವೋಲ್ಟಿನಲ್ಲಿ 2.3 ಆಂಪಿಯರ್ ಹರಿಯಬೇಕು. 10 ಮೀಟರ್ ದೂರಕ್ಕೆ 1 ಚದರ ಮಿಲಿಮೀಟರ್‌ನ ತೆಳು ತಾಮ್ರದ ವೈರು ಎಳೆದರೆ ಹೋಗಿಬರುವ ದಾರಿಯಲ್ಲಿ ಸುಮಾರು 0.8 ವೋಲ್ಟ್ ನಷ್ಟ. 230ರಲ್ಲಿ ಅಷ್ಟು ಹೋದರೆ ಯಾರಿಗೂ ತಿಳಿಯದು. 12ರಲ್ಲಿ ಅದು ನೂರಕ್ಕೆ ಏಳು ಪಾಲು. ದೂರದ ಕೊಟ್ಟಿಗೆಯ ದೀಪ ಅಷ್ಟಕ್ಕೇ ಮಂಕಾಗುತ್ತದೆ. ದಪ್ಪ ವೈರು, ಹತ್ತಿರದ ಬ್ಯಾಟರಿ. ಪರಿಹಾರ ಅಷ್ಟೇ, ಆದರೆ ಅದನ್ನು ಮೊದಲೇ ಯೋಚಿಸಿರಬೇಕು.

ಜರ್ಮನಿಯ ತಾರಸಿ, ಕರ್ನಾಟಕದ ಸಾಲ

ಇಷ್ಟು ಕಷ್ಟಪಟ್ಟು ಕಟ್ಟಿದ ಏರ್ಪಾಡು 2005ರ ಸುಮಾರಿಗೆ ಅಲುಗಾಡಿದ್ದು ಮಲೆನಾಡಿನ ಯಾವ ತಪ್ಪಿನಿಂದಲೂ ಅಲ್ಲ. ಜರ್ಮನಿ 2000ದಲ್ಲಿ ಒಂದು ಕಾನೂನು ತಂದು, 2004ರಲ್ಲಿ ಅದನ್ನು ಇನ್ನಷ್ಟು ಉದಾರಗೊಳಿಸಿ, ತಾರಸಿಯ ಮೇಲೆ ಸೋಲಾರ್ ಹಾಕಿಸಿದವರಿಂದ ಇಪ್ಪತ್ತು ವರ್ಷ ಒಳ್ಳೆಯ ಬೆಲೆಗೆ ವಿದ್ಯುತ್ ಕೊಳ್ಳುವ ಭರವಸೆ ಕೊಟ್ಟಿತು. ಲೋಕದ ಪ್ಯಾನಲ್‌ಗಳೆಲ್ಲ ಅತ್ತ ಹರಿದವು. ಸಿಲಿಕಾನ್ ಸಾಲದೆ ಬೆಲೆ ಏರಿತು. ಹಳೆಯ ಬೆಲೆಯನ್ನು ನಂಬಿ ಸಾಲದ ಕಂತು ಗೊತ್ತುಮಾಡಿದ್ದ ಕರ್ನಾಟಕದ ವ್ಯವಸ್ಥೆಗೆ ಅದು ಪೆಟ್ಟು. ಸೆಲ್ಕೋ ಆ ವರ್ಷಗಳಲ್ಲಿ ನಷ್ಟಕ್ಕೆ ಇಳಿಯಿತು.

ಅದೇ ಜರ್ಮನ್ ಬೇಡಿಕೆ ಮುಂದೆ ಚೀನಾದಲ್ಲಿ ದೊಡ್ಡ ಕಾರ್ಖಾನೆಗಳನ್ನು ಎಬ್ಬಿಸಿತು. 2008ರ ನಂತರ ಬೆಲೆ ಜಾರಿದ್ದು ಮತ್ತೆ ಏರಲಿಲ್ಲವೆಂದೇ ಹೇಳಬೇಕು. 1977ರಲ್ಲಿ ವಾಟ್‌ಗೆ 76 ಡಾಲರ್ ಇದ್ದ ಸೆಲ್ ಈಗ ಅರ್ಧ ಡಾಲರ್‌ಗಿಂತ ಬಹಳ ಕೆಳಗಿದೆ. ಭಾರತದಲ್ಲಿ 2010ರ ಜನವರಿಯಲ್ಲಿ ಜವಾಹರಲಾಲ್ ನೆಹರು ರಾಷ್ಟ್ರೀಯ ಸೌರ ಮಿಷನ್ ಬಂತು. ಇನ್ನೊಂದೆಡೆ ಕಂಬಗಳೂ ಹಳ್ಳಿ ತಲುಪಿದವು. ದೇಶದ ಕೊನೆಯ ಹಳ್ಳಿಗೂ ವಿದ್ಯುತ್ ಬಂತೆಂದು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಘೋಷಿಸಿತು. ನಾಲ್ಕು ದೀಪದ ಬ್ಯಾಟರಿ ಪೆಟ್ಟಿಗೆಯ ಕಾಲ ಹಿಂದೆ ಸರಿಯಿತು. ಸೋಲಾರ್ ಕತ್ತಲೆಯ ಮನೆಯಿಂದ ಬಿಲ್ಲಿನ ಮನೆಗೆ ಬಂತು.

ಈ ಬದಲಾವಣೆ ಮಾತಿನಲ್ಲೂ ಕಾಣುತ್ತದೆ. ಹಳ್ಳಿಯ ಕನ್ನಡದಲ್ಲಿ ‘ಕರೆಂಟು’ ಮತ್ತು ‘ಸೋಲಾರ್’ ಎರಡು ಬೇರೆ ವಸ್ತುಗಳು: ಕರೆಂಟು ಹೋಯ್ತು, ಸೋಲಾರ್ ಹಾಕು. ಬೆಂಗಳೂರಿನವರಿಗೆ ಸೋಲಾರ್ ಎಂದರೆ ಬಹುಕಾಲ ತಾರಸಿಯ ಮೇಲಿನ ನೀರು ಕಾಯಿಸುವ ಟ್ಯಾಂಕು. ಈಗಿನ ತಾರಸಿ ಸೋಲಾರ್ ಈ ಎರಡೂ ಅಲ್ಲ. ಅದು ಕರೆಂಟಿನೊಳಗೇ ಬೆರೆತುಹೋಗುವ ಸೋಲಾರ್. ಹಗಲು ಮನೆ ಬಳಸಿ ಮಿಕ್ಕಿದ್ದು ಮೀಟರ್ ಮೂಲಕ ಬೀದಿಯ ಲೈನಿಗೆ ಹೋಗುತ್ತದೆ, ರಾತ್ರಿ ಲೈನಿನಿಂದ ಬರುತ್ತದೆ, ತಿಂಗಳ ಕೊನೆಗೆ ವ್ಯತ್ಯಾಸದ ಬಿಲ್ಲು. ಇದೇ ನೆಟ್ ಮೀಟರಿಂಗ್. ಬ್ಯಾಟರಿಯ ಜಾಗದಲ್ಲಿ ಇಡೀ ವಿದ್ಯುತ್ ಜಾಲವೇ ಬಂದು ಕೂತಿತು.

ಬ್ಯಾಟರಿ ಹೋದೊಡನೆ ಲೆಕ್ಕದ ಶಿಸ್ತೂ ಹೋದದ್ದು ಕರ್ನಾಟಕದಲ್ಲೇ ಕಾಣಸಿಕ್ಕಿತು. 2013ರ ಅಕ್ಟೋಬರ್‌ನಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ತಾರಸಿ ಸೋಲಾರಿಗೆ, ಸಬ್ಸಿಡಿ ಪಡೆಯದವರಿಗೆ, ಯೂನಿಟ್‌ಗೆ 9.56 ರೂಪಾಯಿ ಗೊತ್ತುಮಾಡಿತು. ಮನೆಗೆ ಎಷ್ಟು ಬೇಕು ಎಂಬ ಪ್ರಶ್ನೆಯ ಬದಲು ಮಾಡಿನ ಮೇಲೆ ಎಷ್ಟು ಹಿಡಿಯುತ್ತದೆ ಎಂಬ ಪ್ರಶ್ನೆ ಮುಂದೆ ಬಂತು. 2016ರಲ್ಲಿ ಹೊಸಬರಿಗೆ ಆ ದರ ಇಳಿಯಿತು. ಈಗ ಬಹುತೇಕ ರಾಜ್ಯಗಳಲ್ಲಿ ಲೈನಿಗೆ ಬಿಟ್ಟ ಹೆಚ್ಚುವರಿ ಯೂನಿಟ್‌ಗೆ ಸಿಗುವ ಬೆಲೆ, ಮನೆಯವರು ಯೂನಿಟ್‌ಗೆ ಕೊಡುವ ಬೆಲೆಗಿಂತ ತೀರ ಕಡಿಮೆ. ಹಾಗಾಗಿ ಸಂಜೆಯ ಆ ಹಳೆಯ ಪ್ರಶ್ನೆಗಳು ಬೇರೆ ರೂಪದಲ್ಲಿ ಮರಳಿವೆ. ಬೇಸಿಗೆಯ ತಿಂಗಳಲ್ಲಿ ಎಷ್ಟು ಯೂನಿಟ್, ಮಳೆಗಾಲದಲ್ಲಿ ಎಷ್ಟು, ಹಗಲು ಮನೆಯಲ್ಲಿ ಯಾರಿರುತ್ತಾರೆ, ಎಸಿ ಓಡುವುದು ಮಧ್ಯಾಹ್ನವೋ ರಾತ್ರಿಯೋ.

ಇಂದಿನ ತಾರಸಿ

2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡಿದೆ. 1 ಕಿಲೋವಾಟ್‌ಗೆ 30,000, 2 ಕಿಲೋವಾಟ್‌ಗೆ 60,000, 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ 78,000 ರೂಪಾಯಿ ಕೇಂದ್ರದ ಸಹಾಯಧನ. ಅಂದಾಜಿಗೆ ಬೇಕಾದ ಸಂಖ್ಯೆಗಳೂ ಸರಳ. 1 ಕಿಲೋವಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಬೇಕು, ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಸಿಗುತ್ತದೆ. 3 ಕಿಲೋವಾಟ್ ಎಂದರೆ 300 ಚದರ ಅಡಿ, ತಿಂಗಳಿಗೆ 360 ಯೂನಿಟ್ ಆಸುಪಾಸು. ಫ್ಲ್ಯಾಟಿನಲ್ಲಿರುವವರಿಗೆ ತಾರಸಿಯೇ ಸ್ವಂತದ್ದಲ್ಲ. ಒಂದೇ ಪ್ಲಾಂಟಿನ ಯೂನಿಟ್‌ಗಳನ್ನು ಹಲವು ಮನೆಗಳ ಬಿಲ್ಲಿಗೆ ಹಂಚುವ ವರ್ಚುವಲ್ ನೆಟ್ ಮೀಟರಿಂಗ್‌ಗೆ ದೆಹಲಿ 2019ರಲ್ಲೇ ನಿಯಮ ಮಾಡಿತು.

ಹೊಸ ವ್ಯವಸ್ಥೆಗೆ ಹೊಸ ಕಾಯಿಲೆಗಳೂ ಇವೆ. ಹೊಸಬರಿಗೆ ಅಚ್ಚರಿ ತರುವುದು ಕರೆಂಟು ಹೋದಾಗ. ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿದ್ದರೂ ಮನೆ ಕತ್ತಲು! ಲೈನಿಗೆ ಜೋಡಿಸಿದ ಇನ್ವರ್ಟರ್ ಲೈನ್ ಸತ್ತೊಡನೆ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ಯಾರದೋ ತಾರಸಿಯ ಕರೆಂಟು ಹೊಡೆಯುತ್ತದೆ. ಕರೆಂಟು ಹೋದಾಗಲೂ ದೀಪ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಅಂದರೆ 1995ರ ಬ್ಯಾಟರಿಯ ಲೆಕ್ಕ ಮತ್ತೆ ಮನೆಗೆ ಬರುತ್ತದೆ.

ಏಪ್ರಿಲ್‌ನ ಉರಿಬಿಸಿಲಲ್ಲಿ ಯೂನಿಟ್ ಕಡಿಮೆ ಬಂತೆಂಬುದು ಇನ್ನೊಂದು ದೂರು. ಪ್ಯಾನಲ್‌ನ ವಾಟ್ ಅಳೆಯುವುದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಾರಸಿಯ ಮೇಲೆ ಅದು 60-65 ಡಿಗ್ರಿಗೆ ಕಾಯುತ್ತದೆ. ಏರಿದ ಪ್ರತಿ ಡಿಗ್ರಿಗೂ ನೂರಕ್ಕೆ ಸುಮಾರು 0.35 ಕಡಿಮೆ. ಪ್ಯಾನಲ್‌ಗೆ ಬೇಕಾದ್ದು ಬೆಳಕು, ಶಾಖವಲ್ಲ. ಹಾಗಾಗಿ ಕೆಳಗೆ ಗಾಳಿಯಾಡುವಂತೆ ಎತ್ತರಿಸಿ ಕೂಡಿಸಬೇಕು.

ಒಂದೇ ಬೀದಿಯಲ್ಲಿ ಹಲವು ತಾರಸಿಗಳಿದ್ದರೆ ಮಧ್ಯಾಹ್ನ ಲೈನಿನ ವೋಲ್ಟೇಜ್ ಏರಿ ಇನ್ವರ್ಟರ್ ತಾನಾಗಿ ಕಳಚಿಕೊಳ್ಳುವುದುಂಟು. ಆಗ ಪ್ಯಾನಲ್ ಬಿಚ್ಚುವುದಲ್ಲ, ವಿದ್ಯುತ್ ಕಂಪನಿಗೆ ದೂರು ಕೊಡುವುದು ಕೆಲಸ. ಮಳೆ ಬಂದ ದಿನ ಮಾತ್ರ ಇನ್ವರ್ಟರ್ ದೋಷ ತೋರಿಸಿದರೆ ಎಲ್ಲೋ ವೈರಿನ ಹೊದಿಕೆ ಹರಿದು ನೀರು ಸೇರಿದೆ ಎಂದರ್ಥ. ಆ ವೈರುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ, ಬಿಸಿಲಿರುವವರೆಗೆ ಅದನ್ನು ಪೂರ್ತಿ ಆರಿಸಲು ಬರುವುದಿಲ್ಲ, ಮನೆಯವರು ಕೈಹಾಕಬಾರದು. ಮನೆಯವರು ಮಾಡಬಹುದಾದ್ದು ತಿಂಗಳ ಯೂನಿಟ್ ಬರೆದಿಡುವುದು, ಹೋದ ವರ್ಷದ ಅದೇ ತಿಂಗಳಿಗೆ ಹೋಲಿಸುವುದು, ಬೆಳಗಿನ ತಂಪಿನಲ್ಲಿ ಧೂಳು ತೊಳೆಯುವುದು, ಹೊಸದಾಗಿ ಎದ್ದ ನೀರಿನ ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತದೆಂದು ನೋಡುವುದು.

ಉಳಿದದ್ದಕ್ಕೆಲ್ಲ ಒಬ್ಬರು ಬರಬೇಕು. ಹಾಕಿಕೊಟ್ಟ ಕಂಪನಿಯ ಕಡ್ಡಾಯ ನಿರ್ವಹಣೆ ಐದು ವರ್ಷದ ಮಾತು, ಇನ್ವರ್ಟರ್‌ನ ವಾರಂಟಿ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ, ಪ್ಯಾನಲ್‌ನದ್ದು ಇಪ್ಪತ್ತೈದು. ನಡುವಿನ ಆ ಹದಿನೈದಿಪ್ಪತ್ತು ವರ್ಷಕ್ಕೆ ಹೊಣೆ ಯಾರದೆಂದು ಯಾವ ಕಾಗದದಲ್ಲೂ ಬರೆದಿರುವುದಿಲ್ಲ. ಹಿಂದಿನ ಕೊಡುಗೆ ದೀಪಗಳು ಆರಿದ್ದು ಅಂಥದ್ದೇ ಖಾಲಿ ಜಾಗದಲ್ಲಿ. ಮಲೆನಾಡಿನ ಒಂಟಿ ಮನೆಗಳಲ್ಲಿ ದೀಪ ಉಳಿದದ್ದು, ಅದು ಉರಿಯುತ್ತಿರಲಿ ಎಂಬ ಹಂಬಲ ಮನೆಯವರಷ್ಟೇ ಬ್ಯಾಂಕಿಗೂ ಮೆಕ್ಯಾನಿಕ್‌ಗೂ ಇದ್ದುದರಿಂದ. ಸಹಾಯಧನ ಒಮ್ಮೆಗೇ ಖಾತೆಗೆ ಬಂದು ಮುಗಿಯುವ ಇಂದಿನ ಯೋಜನೆಯಲ್ಲಿ ಆ ಹಂಬಲ ಮನೆಯವರೊಬ್ಬರದೇ.

ಆದ್ದರಿಂದ ಮೂರು ಕಂಪನಿಗಳಿಂದ ಕೊಟೇಶನ್ ತರಿಸಿಕೊಂಡು ವಾಟ್‌ಗೆ ಎಷ್ಟು ರೂಪಾಯಿ ಎಂದು ಹೋಲಿಸುವವರು ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿಕೊಳ್ಳುವುದು ಒಳ್ಳೆಯದು: ಸರ್ವಿಸ್‌ನವರು ಇರುವುದು ಎಷ್ಟು ದೂರದಲ್ಲಿ, ಐದು ವರ್ಷ ಕಳೆದ ಮನೆಗಳಿಗೆ ಈಗಲೂ ಹೋಗುತ್ತಾರೆಯೇ, ಆರನೇ ವರ್ಷದಿಂದ ವಾರ್ಷಿಕ ನಿರ್ವಹಣೆಗೆ ಎಷ್ಟು. ಅಂಥ ಒಂದೆರಡು ಹಳೆಯ ಮನೆಗಳ ವಿಳಾಸ ಕೇಳಿ ಪಡೆದು, ಹೋಗಿ ನೋಡಿಬಂದ ಮೇಲೆ ಮುಂಗಡ ಕೊಟ್ಟರಾಯಿತು.